ಕಾಲೇಜಿನ ಖಾಕಿ ಮನೆಯ ಹೆಮ್ಮೆಯಾದ ಬಗೆ

ಪದವಿ ಓದುವ ವಿದ್ಯಾರ್ಥಿ ರಾಷ್ಟ್ರೀಯ ಕೆಡೆಟ್ ದಳದಲ್ಲಿ, ಅಂದರೆ ಎನ್‌ಸಿಸಿಯಲ್ಲಿ, ಮೂರು ವರ್ಷದ ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ‘ಸಿ’ ಪ್ರಮಾಣಪತ್ರ ಸಿಗುತ್ತದೆ. ಕಾಲೇಜು ಕೆಡೆಟ್ ಏರಬಹುದಾದ ಕೊನೆಯ ಮೆಟ್ಟಿಲು ಅದು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಪ್ರಮಾಣಪತ್ರವನ್ನು ಪದವಿಯ ಅಂಕಪಟ್ಟಿಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಮಗಳೋ ಮಗನೋ ಸಮವಸ್ತ್ರ ತೊಟ್ಟು ನಿಂತ ಫೋಟೊಗೆ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಬೀಳುವಂತೆ ನಡುಮನೆಯಲ್ಲಿ ತೂಗುಹಾಕುತ್ತಾರೆ. ಇಂದು ಇದು ಸಹಜವೆನಿಸುತ್ತದೆ. ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಸೇನೆಯ ನಂಟೇ ಇಲ್ಲದ ಮನೆಗಳಿಗೆ ಈ ಹೆಮ್ಮೆ ತಲುಪುವ ಮೊದಲು ಹಲವು ಅಡ್ಡಗೋಡೆಗಳು ಬೀಳಬೇಕಾಯಿತು.

ಕೆಲವರ ಸ್ವತ್ತಾಗಿದ್ದ ಸಮವಸ್ತ್ರ

1857ರ ದಂಗೆಯ ನಂತರ ಬ್ರಿಟಿಷರು ಭಾರತೀಯ ಸೇನೆಯನ್ನು ಮರಳಿ ಕಟ್ಟುವಾಗ ‘ಸಮರ ಜನಾಂಗ’ ಎಂಬ ಎಣಿಕೆಯನ್ನು ಮುಂದಿಟ್ಟರು. ಕೆಲವು ಪ್ರದೇಶ ಮತ್ತು ಸಮುದಾಯದವರು ಮಾತ್ರ ಹುಟ್ಟಿನಿಂದಲೇ ಯೋಧರು, ಉಳಿದವರು ಅದಕ್ಕೆ ತಕ್ಕವರಲ್ಲ ಎಂಬುದು ಅದರ ತಿರುಳು. ಇದರಿಂದ ಪಂಜಾಬ್, ಗಢವಾಲ್‌ಗಳಂಥ ಕಡೆ ಸೈನಿಕ ವೃತ್ತಿ ತಂದೆಯಿಂದ ಮಗನಿಗೆ ಬರುವ ಮನೆತನದ ವಾಡಿಕೆಯಾಯಿತು. ಕನ್ನಡ ನಾಡಿನಲ್ಲಿ ಅಂಥ ವಾಡಿಕೆ ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ ಗಟ್ಟಿಯಾಗಿತ್ತು. ಉಳಿದೆಡೆಯ ಮನೆಗಳಿಗೆ ಸೇನೆ ದೂರದ ಸಂಗತಿಯಾಗಿಯೇ ಉಳಿಯಿತು.

ಅಧಿಕಾರಿಯ ಹುದ್ದೆ ಇನ್ನೂ ದೂರವಿತ್ತು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿ ವರ್ಷಕ್ಕೆ ಹತ್ತು ಜಾಗಗಳನ್ನು ಭಾರತೀಯರಿಗೆ ಬಿಟ್ಟುಕೊಡಲಾಯಿತು. ಅದೇ ಕಾಲದಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತೆರೆದ ತಾತ್ಕಾಲಿಕ ಕೆಡೆಟ್ ಶಾಲೆಯಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. ಅಂಥವರು ಬೆರಳೆಣಿಕೆಯಷ್ಟೇ. ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ತೆರೆದದ್ದು 1932ರಲ್ಲಿ. ಅದರ ಮೊದಲ ತಂಡದಲ್ಲಿ ಇದ್ದವರು ಕೇವಲ 40 ಮಂದಿ.

ಯುದ್ಧದ ಕೊರತೆ ತುಂಬಲು ವಿದ್ಯಾರ್ಥಿಗಳು

ಕಾಲೇಜು ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ಏರ್ಪಾಡು ಆರಂಭವಾದದ್ದು 1917ರಲ್ಲಿ. ಮಹಾಯುದ್ಧದಿಂದ ಸೇನೆಗೆ ಜನ ಸಾಲದೆ ಹೋದಾಗ ‘ಯೂನಿವರ್ಸಿಟಿ ಕೋರ್’ ಎಂಬ ದಳ ಹುಟ್ಟಿತು. 1920ರ ಪ್ರಾದೇಶಿಕ ಸೇನಾ ಕಾಯ್ದೆಯ ನಂತರ ಅದು ‘ಯೂನಿವರ್ಸಿಟಿ ಟ್ರೈನಿಂಗ್ ಕೋರ್’, ಜನರ ಬಾಯಲ್ಲಿ ಯುಟಿಸಿ, ಆಯಿತು. 1942ರಲ್ಲಿ ಅದಕ್ಕೆ ಅಧಿಕಾರಿಗಳ ತರಬೇತಿ ದಳವೆಂಬ ಹೊಸ ಹೆಸರು ಬಂತು.

ಹೆಸರು ಬದಲಾದರೂ ಉದ್ದೇಶ ಬದಲಾಗಲಿಲ್ಲ. ವಿದ್ಯಾರ್ಥಿಗಳು ಸಾಮ್ರಾಜ್ಯದ ಸೇನೆಗೆ ಒದಗಬೇಕೆಂಬುದೇ ಲೆಕ್ಕವಾಗಿತ್ತು. ಹೊರಗೆ ಸ್ವಾತಂತ್ರ್ಯ ಚಳವಳಿ ನಡೆದಿತ್ತು. ಬೀದಿಯಲ್ಲಿ ಸತ್ಯಾಗ್ರಹಿಗಳ ಮೇಲೆ ಲಾಠಿ ಬೀಸುತ್ತಿದ್ದುದು ಖಾಕಿ ತೊಟ್ಟ ಕೈಗಳೇ. ಅದೇ ಬಣ್ಣದ ಬಟ್ಟೆ ಮನೆಯ ಹುಡುಗನ ಮೈಮೇಲೆ ಬಂದರೆ ಹೆತ್ತವರು ಎದೆಯುಬ್ಬಿಸಿ ಹೇಳಿಕೊಳ್ಳುವುದು ಸುಲಭವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಈ ದಳದಿಂದ ಸರ್ಕಾರ ಬಯಸಿದ ಫಲವೂ ಸಿಗಲಿಲ್ಲ.

ಕುಂಜ್ರು ಸಮಿತಿ ಮತ್ತು 1948ರ ಕಾಯ್ದೆ

ಸ್ವಾತಂತ್ರ್ಯ ಹತ್ತಿರವಾಗುತ್ತಿದ್ದಂತೆ ಈ ಏರ್ಪಾಡನ್ನು ಬೇರುಸಹಿತ ಬದಲಿಸುವ ಯೋಚನೆ ಬಂತು. ಪಂಡಿತ್ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ರಚನೆಯಾದ ಸಮಿತಿ, ಶಾಲೆ-ಕಾಲೇಜುಗಳೆರಡನ್ನೂ ಒಳಗೊಂಡ ರಾಷ್ಟ್ರಮಟ್ಟದ ಕೆಡೆಟ್ ಸಂಸ್ಥೆ ಬೇಕೆಂದು ಶಿಫಾರಸು ಮಾಡಿತು. ರಾಷ್ಟ್ರೀಯ ಕೆಡೆಟ್ ದಳ ಕಾಯ್ದೆ 1948ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು, ಅದೇ ವರ್ಷದ ಜುಲೈನಲ್ಲಿ ದಳ ಅಸ್ತಿತ್ವಕ್ಕೆ ಬಂತು. ಅದರ ಮೊದಲ ನಿರ್ದೇಶಕರಾದವರು ಕರ್ನಲ್ ಜಿ.ಜಿ. ಬೇವೂರ್; ಮುಂದೆ ಅವರೇ ಭೂಸೇನೆಯ ಮುಖ್ಯಸ್ಥರಾದರು. ಶುರುವಿನಲ್ಲಿ ಇದ್ದ ಕೆಡೆಟ್‌ಗಳು 20 ಸಾವಿರ.

ಈ ಕಾಯ್ದೆ ಹೆತ್ತವರ ದೃಷ್ಟಿಯಿಂದ ಎರಡು ದೊಡ್ಡ ಕೆಲಸ ಮಾಡಿತು. ಮೊದಲನೆಯದು, ಹುಟ್ಟಿನ ಲೆಕ್ಕ ಅಳಿಸಿದ್ದು. ಯಾವ ಜಾತಿ, ಯಾವ ಸೀಮೆ ಎಂದು ಕೇಳದೆ, ಕಾಲೇಜಿನಲ್ಲಿ ಓದುತ್ತಿದ್ದು ದೇಹದಾರ್ಢ್ಯವಿದ್ದರೆ ಸಾಕು ಎಂದಾಯಿತು. ನೇಕಾರರ ಮನೆಯ, ಮೇಷ್ಟರ ಮನೆಯ, ಅಂಗಡಿಯವರ ಮನೆಯ ಮಕ್ಕಳು ಒಂದೇ ಸಾಲಿನಲ್ಲಿ ನಿಂತರು. ಎರಡನೆಯದು, ಭಯ ನಿವಾರಿಸಿದ್ದು. ಎನ್‌ಸಿಸಿ ಸದಸ್ಯರಾದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಲ್ಲ ಎಂದು ಕಾಯ್ದೆಯೇ ಸ್ಪಷ್ಟಪಡಿಸಿತು. ಮಗ ಪರೇಡಿಗೆ ಹೋದರೆ ನಾಳೆ ರಣರಂಗಕ್ಕೆ ಕರೆದೊಯ್ದಾರು ಎಂಬ ಅಂಜಿಕೆಗೆ ಅದು ಉತ್ತರ. ಸೇರ್ಪಡೆ ಅರ್ಜಿಯಲ್ಲಿ ಪೋಷಕರ ಒಪ್ಪಿಗೆಗೂ ಜಾಗವಿದೆ. ಹಾಗಾಗಿ ಕೆಡೆಟ್ ಬದುಕು ಶುರುವಾಗುವುದೇ ಮನೆಯವರ ಸಹಿಯಿಂದ.

ಹೆಣ್ಣುಮಕ್ಕಳ ಸಾಲು

ಬಾಲಕಿಯರ ವಿಭಾಗ ಆರಂಭವಾದದ್ದು ಮರುವರ್ಷವೇ, 1949ರಲ್ಲಿ. ವಾಯುದಳ 1950ರಲ್ಲಿ, ನೌಕಾದಳ 1952ರಲ್ಲಿ ಸೇರಿಕೊಂಡವು. ವಿಮಾನ, ಹಡಗುಗಳಿಗಿಂತ ಮೊದಲು ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿತೆಂಬುದು ಗಮನಿಸಬೇಕಾದ ಸಂಗತಿ.

ಮನೆಗಳಲ್ಲಿ ಮಾತ್ರ ಈ ಹೆಜ್ಜೆ ಸುಲಭವಾಗಿರಲಿಲ್ಲ. ಮಗಳು ಹತ್ತು ದಿನ ಊರು ಬಿಟ್ಟು ಶಿಬಿರದಲ್ಲಿರುವುದು, ಬಿಸಿಲಲ್ಲಿ ಕವಾಯತು ಮಾಡುವುದು, ರೈಫಲ್ ಹಿಡಿಯುವುದು ಎಂದರೆ ಹಿರಿಯರು ಹಿಂದೇಟು ಹಾಕುತ್ತಿದ್ದ ಕಾಲವದು. ಹುಡುಗಿಯರ ತರಬೇತಿ ಮತ್ತು ಶಿಬಿರದ ಹೊಣೆಯನ್ನು ಮಹಿಳಾ ಅಧಿಕಾರಿಗಳು, ಕಾಲೇಜಿನ ಉಪನ್ಯಾಸಕಿಯರು, ಮಹಿಳಾ ತರಬೇತುದಾರರು ಹೊತ್ತದ್ದರಿಂದ ನಂಬಿಕೆ ಬೆಳೆಯಿತು. ದಿನವೂ ಪಾಠ ಹೇಳುವ ಮೇಡಂ ಜತೆಗಿರುತ್ತಾರೆ ಎಂಬ ಧೈರ್ಯ ಎಷ್ಟೋ ತಾಯಂದಿರಿಗೆ ಸಾಕಾಗುತ್ತಿತ್ತು. ಈಗ ಚಿತ್ರ ಬದಲಾಗಿದೆ: ದೆಹಲಿಯಲ್ಲಿ ನಡೆದ 2025ರ ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾಗಿದ್ದ 2,361 ಕೆಡೆಟ್‌ಗಳಲ್ಲಿ 917 ಮಂದಿ ಹುಡುಗಿಯರು.

ಕಡ್ಡಾಯದಿಂದ ಇಷ್ಟಕ್ಕೆ

1962ರ ಚೀನಾ ಯುದ್ಧದ ಪೆಟ್ಟಿನ ನಂತರ, 1963ರಲ್ಲಿ ಎನ್‌ಸಿಸಿ ತರಬೇತಿ ಕಾಲೇಜುಗಳಲ್ಲಿ ಕಡ್ಡಾಯವಾಯಿತು. ಕೆಡೆಟ್‌ಗಳ ಸಂಖ್ಯೆ ಒಮ್ಮೆಲೇ ಏರಿತು. ಊರೂರಿನ ಕಾಲೇಜು ಮೈದಾನಗಳಲ್ಲಿ ‘ಸಾವಧಾನ್’, ‘ವಿಶ್ರಾಮ್’ ಕೂಗು ಕೇಳತೊಡಗಿತು. 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ, ಮದ್ದುಗುಂಡು ಸಾಗಣೆಯಲ್ಲಿ ನೆರವಾದರು. ಶತ್ರುಗಳ ಪ್ಯಾರಾಟ್ರೂಪರ್‌ಗಳನ್ನು ಹಿಡಿಯುವ ಗಸ್ತು ತಂಡಗಳಲ್ಲೂ ಇದ್ದರು. ಮನೆಯ ಹುಡುಗರು ದೇಶಕ್ಕೆ ಒದಗಿದರೆಂಬ ಅಭಿಮಾನ ಆಗ ಜನರಲ್ಲಿ ಬೇರೂರಿತು.

ಈ ನಡುವೆ, 1968ರಲ್ಲಿ, ಕಡ್ಡಾಯ ರದ್ದಾಗಿ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು. ಸಮಾಜಸೇವೆಯತ್ತ ಒಲವಿದ್ದವರಿಗೆ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ಎಸ್ಎಸ್, ತೆರೆಯಿತು. ಹೆತ್ತವರ ಹೆಮ್ಮೆಗೆ ಇಂದಿನ ರೂಪ ಬಂದದ್ದು ಈ ಬದಲಾವಣೆಯ ನಂತರವೇ. ಎಲ್ಲರೂ ಮಾಡಲೇಬೇಕಾದದ್ದನ್ನು ಮಾಡಿ ಮುಗಿಸಿದರೆ ಅದು ಹಾಜರಾತಿಯಷ್ಟೇ. ತಾನಾಗಿ ಸೇರಿ, ಅರ್ಧಕ್ಕೆ ಬಿಟ್ಟುಹೋಗಲು ದಾರಿಯಿದ್ದರೂ ಬಿಡದೆ ಮುಗಿಸಿದರೆ ಅದು ಆ ಹುಡುಗನ, ಆ ಹುಡುಗಿಯ ಸ್ವಂತ ಗಳಿಕೆ.

ಮನೆಯವರು ಕಾಣುವ ಮೂರು ವರ್ಷ

ತರಬೇತಿಯ ಕ್ರಮ ಸರಳ, ಆದರೆ ಪಟ್ಟು ಬಿಗಿ. ಶಾಲೆಯ ಕೆಡೆಟ್‌ಗಳಿಗೆ ‘ಎ’ ಪ್ರಮಾಣಪತ್ರ. ಕಾಲೇಜಿನ ಕೆಡೆಟ್‌ಗಳಿಗೆ ಎರಡನೆಯ ವರ್ಷದ ಕೊನೆಯಲ್ಲಿ ‘ಬಿ’, ಮೂರನೆಯ ವರ್ಷದಲ್ಲಿ ‘ಸಿ’. ಕವಾಯತು, ಶಸ್ತ್ರಾಭ್ಯಾಸ, ನಕ್ಷೆ ಓದುವುದು, ಫೀಲ್ಡ್ ಕ್ರಾಫ್ಟ್, ಪ್ರಥಮ ಚಿಕಿತ್ಸೆ, ವಿಪತ್ತು ನಿರ್ವಹಣೆ ಇವೆಲ್ಲ ಪಾಠದಲ್ಲಿವೆ. ಪರೇಡಿನ ಹಾಜರಾತಿ ಸಾಲದಿದ್ದರೆ, ಶಿಬಿರ ತಪ್ಪಿಸಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಕಾಲೇಜಿನಲ್ಲಿ ಉಸ್ತುವಾರಿ ಉಪನ್ಯಾಸಕ ವೃಂದದಿಂದಲೇ ಆಯ್ಕೆಯಾದ ಎನ್‌ಸಿಸಿ ಸಹ ಅಧಿಕಾರಿ, ಅಂದರೆ ಎಎನ್ಒ, ಅವರದು. ಕವಾಯತು ಕಲಿಸುವವರು ಸೇನೆಯಿಂದ ಬಂದ ಹವಾಲ್ದಾರರು, ಸುಬೇದಾರರು.

ಇದರ ಪರಿಣಾಮ ಮೊದಲು ಕಾಣುವುದು ಮನೆಯಲ್ಲಿ. ಬೆಳಕು ಹರಿಯುವ ಮೊದಲೇ ತಾನಾಗಿ ಏಳುವ ಮಗ, ಹಿಂದಿನ ರಾತ್ರಿಯೇ ಬೂಟಿಗೆ ಪಾಲಿಶ್ ಹಾಕಿ, ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಟ್ಟು, ಬೆಲ್ಟಿನ ಹಿತ್ತಾಳೆ ಉಜ್ಜುವ ಮಗಳು. ತೋಳಿನ ಮೇಲೆ ಲ್ಯಾನ್ಸ್ ಕಾರ್ಪೊರಲ್ ಪಟ್ಟಿ ಬಂದಾಗ ಅದರ ಅರ್ಥ ಕೇಳಿ ತಿಳಿದುಕೊಳ್ಳುವ ತಂದೆ, ಸಾರ್ಜೆಂಟ್ ಆಗುವ ಹೊತ್ತಿಗೆ ಊರವರಿಗೆ ತಾನೇ ವಿವರಿಸಬಲ್ಲವನಾಗಿರುತ್ತಾನೆ. ಸೀನಿಯರ್ ಅಂಡರ್ ಆಫೀಸರ್ ಹುದ್ದೆಯವರೆಗೆ ಹೋದವರ ಮನೆಯಲ್ಲಂತೂ ಅದು ನೆಂಟರಿಷ್ಟರಿಗೆಲ್ಲ ಗೊತ್ತಿರುವ ಸುದ್ದಿ. ಅಪ್ಪ-ಅಮ್ಮ ಹೆಮ್ಮೆಪಡುವುದು ಕಾಗದ ಕೈಗೆ ಬಂದ ದಿನ ಮಾತ್ರವಲ್ಲ. ಮಗು ಹೊಣೆಗಾರ ವ್ಯಕ್ತಿಯಾಗುವುದನ್ನು ಅವರು ಮೂರು ವರ್ಷ ಕಣ್ಣಾರೆ ಕಂಡಿರುತ್ತಾರೆ.

ಬೆಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಕೆಡೆಟ್‌ಗಳಿಗೆ ಅತಿ ದೊಡ್ಡ ಕನಸೆಂದರೆ ದೆಹಲಿಯ ಗಣರಾಜ್ಯೋತ್ಸವ ಶಿಬಿರ. ಘಟಕ, ಗ್ರೂಪ್, ನಿರ್ದೇಶನಾಲಯ ಹೀಗೆ ಹಂತಹಂತವಾಗಿ ಜರಡಿ ಹಿಡಿದು ಆಯ್ಕೆ ಮಾಡುತ್ತಾರೆ. ಶಿಬಿರದ ಕೊನೆಗೆ ಪ್ರಧಾನಿಯ ಮುಂದೆ ಪಥಸಂಚಲನ ನಡೆಯುವುದು ದೆಹಲಿ ದಂಡು ಪ್ರದೇಶದ ಕಾರ್ಯಪ್ಪ ಪರೇಡ್ ಮೈದಾನದಲ್ಲಿ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕಾರ್ಯಪ್ಪನವರ ಹೆಸರು ಹೊತ್ತ ನೆಲ ಅದು. ಆ ನೆಲದ ಮೇಲೆ ಹೆಜ್ಜೆ ಹಾಕುವ ಮಕ್ಕಳನ್ನು ಊರಿನಲ್ಲಿ ಟಿ.ವಿ. ಮುಂದೆ ಕುಳಿತು ಹುಡುಕುವ ಸಂಭ್ರಮ ಕರ್ನಾಟಕದ ಮನೆಗಳಿಗೆ ವಿಶೇಷವಾದದ್ದು.

ಹೆಗಲಿಗೆ ನಕ್ಷತ್ರ ತೊಡಿಸುವ ದಿನ

ಸೇನೆಯನ್ನೇ ಆರಿಸಿಕೊಳ್ಳುವವರಿಗೆ ‘ಸಿ’ ಪ್ರಮಾಣಪತ್ರ ನೇರ ದಾರಿ ತೆರೆಯುತ್ತದೆ. ಅದರಲ್ಲಿ ಕನಿಷ್ಠ ‘ಬಿ’ ಶ್ರೇಣಿ ಪಡೆದ ಪದವೀಧರರು ಎನ್‌ಸಿಸಿ ವಿಶೇಷ ಪ್ರವೇಶದ ಅಡಿಯಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ಸೇವಾ ಆಯ್ಕೆ ಮಂಡಳಿಯ, ಅಂದರೆ ಎಸ್ಎಸ್‌ಬಿಯ, ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಈ ಸಂದರ್ಶನ ನಡೆಸುವ ಆಯ್ಕೆ ಕೇಂದ್ರ ಬೆಂಗಳೂರಿನಲ್ಲೂ ಇದೆ. ಹಲವು ದಿನ ನಡೆಯುವ ಈ ಸಂದರ್ಶನ, ವೈದ್ಯಕೀಯ ತಪಾಸಣೆ, ಅರ್ಹತಾ ಪಟ್ಟಿ ಎಲ್ಲ ದಾಟಿದವರು ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಸೇರುತ್ತಾರೆ. 1962ರ ಯುದ್ಧದ ನಂತರ, 1963ರಲ್ಲಿ, ಶಾಲೆಯಾಗಿ ಶುರುವಾದ ಈ ಸಂಸ್ಥೆಗೆ ಅಕಾಡೆಮಿ ಎಂಬ ಹೆಸರು ಬಂದದ್ದು 1988ರಲ್ಲಿ. 1992ರಿಂದ ಇಲ್ಲಿ ಮಹಿಳೆಯರೂ ತರಬೇತಿ ಪಡೆಯುತ್ತಿದ್ದಾರೆ. ತರಬೇತಿಯ ಅವಧಿ 49 ವಾರ.

ನಿರ್ಗಮನ ಪಥಸಂಚಲನ ನಡೆಯುವ ಪರಮೇಶ್ವರನ್ ಡ್ರಿಲ್ ಸ್ಕ್ವೇರ್, ಇದೇ ಸಂಸ್ಥೆಯಲ್ಲಿ ಕಲಿತು 1987ರಲ್ಲಿ ಶ್ರೀಲಂಕಾದಲ್ಲಿ ಹುತಾತ್ಮರಾದ, ಪರಮವೀರ ಚಕ್ರ ಪುರಸ್ಕೃತ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ನೆನಪಿನದು. ಕೆಡೆಟ್‌ಗಳು ‘ಅಂತಿಮ್ ಪಗ್’, ಅಂದರೆ ಕೊನೆಯ ಹೆಜ್ಜೆ, ದಾಟಿದ ಮೇಲೆ ಪಿಪ್ಪಿಂಗ್ ಸಮಾರಂಭ. ಆ ಹೊತ್ತಿಗೆ ಹೆತ್ತವರು ಗ್ಯಾಲರಿಯಿಂದ ಇಳಿದು ಮಕ್ಕಳ ಬಳಿಗೆ ಬಂದು, ಲೆಫ್ಟಿನೆಂಟ್ ಹುದ್ದೆಯ ನಕ್ಷತ್ರಗಳನ್ನು ಅವರ ಹೆಗಲಿಗೆ ತೊಡಿಸುತ್ತಾರೆ. ಪಥಸಂಚಲನ ಸೇನೆಯ ವಿಧಿಯಾದರೆ ಇದು ಕುಟುಂಬದ ವಿಧಿ. ಸೀರೆಯುಟ್ಟ ತಾಯಿ, ಪಂಚೆಯುಟ್ಟ ತಂದೆ ಸೇನಾಧಿಕಾರಿಗಳ ನಡುವೆ ನಿಂತು ಈ ಕೆಲಸ ಮಾಡುವಾಗ ಮಗುವನ್ನು ದೇಶಕ್ಕೆ ಒಪ್ಪಿಸಿದವರು ಯಾರೆಂಬುದು ಎಲ್ಲರಿಗೂ ಕಾಣುತ್ತದೆ. ಸೈನಿಕರಾಗಿ ಸೇರುವವರ ಹೆತ್ತವರನ್ನೂ ಸೇನೆ ಮರೆತಿಲ್ಲ. ರೆಜಿಮೆಂಟಲ್ ಸೆಂಟರ್‌ಗಳಲ್ಲಿ ತರಬೇತಿ ಮುಗಿದ ದಿನ ಅವರಿಗೆ ‘ಗೌರವ್ ಪದಕ್’ ನೀಡುವ ಪದ್ಧತಿಯಿದೆ.

ಸೇನೆ ಸೇರದವರ ಹೆಮ್ಮೆ

ಎನ್‌ಸಿಸಿ ಮುಗಿಸಿದವರಲ್ಲಿ ಬಹುಪಾಲು ಮಂದಿ ಸೇನೆಗೆ ಹೋಗುವುದಿಲ್ಲ. ಅವರು ಶಿಕ್ಷಕರಾಗುತ್ತಾರೆ, ಪೊಲೀಸರಾಗುತ್ತಾರೆ, ಎಂಜಿನಿಯರ್, ನರ್ಸ್, ಕೃಷಿಕರಾಗುತ್ತಾರೆ. 1948ರ ಕಾಯ್ದೆ ಬಯಸಿದ್ದೂ ಇಂಥ ಸ್ವಾತಂತ್ರ್ಯವನ್ನೇ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸ್‌ಗಳ ಪ್ರವೇಶದಲ್ಲಿ ಎನ್‌ಸಿಸಿ ಕೆಡೆಟ್‌ಗಳಿಗೆ ವಿಶೇಷ ವರ್ಗದಡಿ ಸೀಟುಗಳಿವೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎನ್‌ಸಿಸಿಯನ್ನು ಪದವಿಯ ಐಚ್ಛಿಕ ವಿಷಯವಾಗಿ ಕಲಿಸಿ ಕ್ರೆಡಿಟ್ ಕೊಡಲು ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಇದರಿಂದ ಪರೇಡ್ ಮೈದಾನದ ಕಲಿಕೆಗೆ ತರಗತಿಯ ಕಲಿಕೆಯ ಸಮಾನ ಸ್ಥಾನ ಸಿಗುವ ದಾರಿಯಾಯಿತು.

20 ಸಾವಿರ ಕೆಡೆಟ್‌ಗಳಿಂದ ಶುರುವಾದ ದಳಕ್ಕೆ ಇಂದು ಮಂಜೂರಾದ ಬಲ 20 ಲಕ್ಷ. ಅಷ್ಟೂ ಮನೆಗಳಲ್ಲಿ ನಕ್ಷತ್ರ ತೊಡಿಸುವ ದಿನ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೇಳಿದ ಹೊತ್ತಿಗೆ ಬರುವ, ಹೊತ್ತ ಕೆಲಸ ಮುಗಿಸುವ, ಬೇರೆ ಭಾಷೆಯ ಜತೆಗಾರರೊಡನೆ ಒಂದೇ ಡೇರೆಯಲ್ಲಿ ಬಾಳಬಲ್ಲ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಹೆತ್ತವರು ಹೆಮ್ಮೆಪಡಲು ಅದೇ ಸಾಕಷ್ಟು ಕಾರಣ.