ಕಟ್ಟಡ ಖರೀದಿಗೆ ಮುನ್ನ ಲಿಫ್ಟಿನ ಸ್ವತಂತ್ರ ತಪಾಸಣೆ

ವಾಣಿಜ್ಯ ಕಟ್ಟಡವೊಂದನ್ನು ಕೊಳ್ಳಲು ಹೊರಟ ವ್ಯಾಪಾರಿಯು ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಖಾತೆ, ತೆರಿಗೆ ರಸೀದಿ, ಅನುಮೋದಿತ ನಕ್ಷೆ ಇವಿಷ್ಟನ್ನೂ ವಕೀಲರಿಗೆ ತೋರಿಸಿದ ಮೇಲೆಯೇ ಮುಂಗಡ ನೀಡುತ್ತಾನೆ. ಗೋಡೆಯ ಬಿರುಕು, ತಾರಸಿಯ ಸೋರಿಕೆಗಳನ್ನು ಎಂಜಿನಿಯರರಿಂದ ಪರೀಕ್ಷಿಸುತ್ತಾನೆ. ಲಿಫ್ಟಿನ ವಿಷಯ ಬಂದಾಗ ಮಾತ್ರ ಒಮ್ಮೆ ಮೇಲೆ ಹೋಗಿ ಕೆಳಗಿಳಿದು, ‘ಓಡುತ್ತಿದೆ’ ಎಂದು ತೃಪ್ತನಾಗುತ್ತಾನೆ. ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಹಲವು ಲಕ್ಷ ರೂಪಾಯಿಗಳಾಗಬಹುದು.

ಕಾನೂನಿನ ನಿಲುವು

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 55ನೇ ಪ್ರಕರಣದಂತೆ, ಮಾರಾಟಗಾರನು ತನಗೆ ತಿಳಿದಿರುವ, ಆದರೆ ಖರೀದಿದಾರನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ತಿಳಿಸಲು ಬದ್ಧನು. ಸಾಮಾನ್ಯ ಎಚ್ಚರಿಕೆಯಿಂದ ಕಾಣಬಹುದಾಗಿದ್ದ ದೋಷದ ಹೊರೆ ಖರೀದಿದಾರನ ತಲೆಗೇ ಬರುತ್ತದೆ. ಆದುದರಿಂದ ತಪಾಸಣೆ ಮಾಡಿಸದೆ ಕೊಂಡವನು ನಂತರ ದೂರುವುದು ಸುಲಭವಲ್ಲ.

ಕರ್ನಾಟಕದಲ್ಲಿ 1974ರ ಲಿಫ್ಟುಗಳ ಕಾಯಿದೆಯ ಸ್ಥಾನದಲ್ಲಿ ಕರ್ನಾಟಕ ಲಿಫ್ಟುಗಳು, ಎಸ್ಕಲೇಟರುಗಳು ಮತ್ತು ಪ್ಯಾಸೆಂಜರ್ ಕನ್ವೇಯರುಗಳ ಅಧಿನಿಯಮ, 2012 ಬಂದಿದೆ. ಇದರ ಆಡಳಿತ ವಿದ್ಯುತ್ ಪರಿವೀಕ್ಷಣಾಲಯದ್ದು. ಲಿಫ್ಟನ್ನು ಅಳವಡಿಸಲು ಅನುಮತಿ, ಅದನ್ನು ನಡೆಸಲು ಪರವಾನಗಿ ಇವೆರಡೂ ಅವಶ್ಯ. ಪರವಾನಗಿ ಇದೆಯೆಂದ ಮಾತ್ರಕ್ಕೆ ನಿಶ್ಚಿಂತೆಯಾಗಿರುವಂತಿಲ್ಲ. ಸರ್ಕಾರಿ ಪರಿವೀಕ್ಷಕರು ಸುರಕ್ಷತೆಯನ್ನು ನೋಡುತ್ತಾರೆ. ಯಂತ್ರದ ಉಳಿದ ಆಯುಷ್ಯವೆಷ್ಟು, ಮುಂದಿನ ಐದು ವರ್ಷಗಳಲ್ಲಿ ತಗಲುವ ವೆಚ್ಚವೆಷ್ಟು ಎಂಬುದನ್ನು ಖರೀದಿದಾರನೇ ತಿಳಿದುಕೊಳ್ಳಬೇಕು.

‘ಸ್ವತಂತ್ರ’ ಎಂದರೇನು?

ಮಾರಾಟಗಾರನ ವಾರ್ಷಿಕ ನಿರ್ವಹಣಾ ಗುತ್ತಿಗೆ ಹಿಡಿದಿರುವ ಸಂಸ್ಥೆಯ ವರದಿ ಸ್ವತಂತ್ರ ವರದಿಯಲ್ಲ. ತಾನೇ ನೋಡಿಕೊಂಡ ಯಂತ್ರದಲ್ಲಿ ದೋಷವಿದೆಯೆಂದು ಅದು ಬರೆಯುವ ಸಂಭವ ಕಡಿಮೆ. ಹೊಸ ಲಿಫ್ಟು ಮಾರುವ ಸಂಸ್ಥೆಯ ವರದಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ಎಲ್ಲವೂ ಹಳೆಯದಾಗಿಯೇ ಕಾಣುತ್ತದೆ. ಮಾರಾಟದಲ್ಲಾಗಲಿ ದುರಸ್ತಿಯಲ್ಲಾಗಲಿ ಲಾಭವಿಲ್ಲದ, ಖರೀದಿದಾರನಿಂದಲೇ ಶುಲ್ಕ ಪಡೆಯುವ ತಜ್ಞನನ್ನು ನೇಮಿಸತಕ್ಕದ್ದು.

ಏನನ್ನು ಪರೀಕ್ಷಿಸಬೇಕು?

ಲಿಫ್ಟಿನಲ್ಲಿ: ಉಕ್ಕಿನ ಹಗ್ಗಗಳ ಸವೆತ, ತುಂಡಾದ ಎಳೆಗಳು, ತುಕ್ಕು, ಹಗ್ಗ ಹಾಯುವ ಗಾಲಿಯ ಗಾಡಿಗಳ ಸವೆತ, ಬ್ರೇಕು, ವೇಗ ಮಿತಿಮೀರಿದಾಗ ಕೆಲಸಮಾಡುವ ಗವರ್ನರ್ ಮತ್ತು ಸೇಫ್ಟಿ ಗೇರ್, ಬಾಗಿಲು ತೆರೆದಿರುವಾಗ ಲಿಫ್ಟು ಚಲಿಸದಂತೆ ತಡೆಯುವ ಇಂಟರ್‌ಲಾಕ್, ಅಂತಸ್ತಿನ ನೆಲಕ್ಕೆ ಸಮನಾಗಿ ನಿಲ್ಲುವಿಕೆ, ತಳದ ಗುಂಡಿಯಲ್ಲಿ ನೀರು ನಿಲ್ಲುವುದೇ ಎಂಬುದು, ವಿದ್ಯುತ್ ಹೋದಾಗ ಲಿಫ್ಟನ್ನು ಸಮೀಪದ ಅಂತಸ್ತಿಗೆ ತರುವ ಸಾಧನ, ತುರ್ತು ಗಂಟೆ, ದೀಪ, ಅಗ್ನಿಶಾಮಕ ಸ್ವಿಚ್ಚು.

ಎಸ್ಕಲೇಟರಿನಲ್ಲಿ: ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವಿನ ಅಂತರ, ಮುರಿದ ಬಾಚಣಿಗೆ ಹಲ್ಲುಗಳು, ಸರಪಳಿಯ ಸವೆತ, ಕೈಪಟ್ಟಿ ಮತ್ತು ಮೆಟ್ಟಿಲುಗಳ ವೇಗದ ಹೊಂದಾಣಿಕೆ, ತುರ್ತು ನಿಲುಗಡೆ ಗುಂಡಿ. ಇವುಗಳಿಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೇ ಭಾಗವು ಉತ್ತಮ ಮಾರ್ಗದರ್ಶಿ.

ದಾಖಲೆಗಳಲ್ಲಿ ಪರವಾನಗಿ, ಹಿಂದಿನ ಪರಿವೀಕ್ಷಣಾ ವರದಿಗಳು, ಕೆಟ್ಟು ನಿಂತ ದಿನಗಳ ನೋಂದಣಿ ಪುಸ್ತಕ, ನಿರ್ವಹಣಾ ಗುತ್ತಿಗೆ, ವಿಮೆ ಇವುಗಳನ್ನು ಕೇಳಿ ಪಡೆಯಬೇಕು. ಗುತ್ತಿಗೆಯಲ್ಲಿ ಬಿಡಿಭಾಗಗಳು ಸೇರಿವೆಯೇ, ಅಥವಾ ಎಣ್ಣೆ ಹಾಕಿ ಒರೆಸುವುದಷ್ಟೇ ಇದೆಯೇ? ನಿಯಂತ್ರಣ ಫಲಕವನ್ನು ಬೇರೆ ಸಂಸ್ಥೆಯವರೂ ದುರಸ್ತಿ ಮಾಡಬಲ್ಲರೇ? ಈ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಮುಂದಿನ ವರ್ಷಗಳ ಖರ್ಚು ನಿಂತಿದೆ.

ಲೆಕ್ಕಾಚಾರ

ಒಬ್ಬ ಜವಳಿ ವ್ಯಾಪಾರಿ ನಾಲ್ಕಂತಸ್ತಿನ ಹಳೆಯ ಕಟ್ಟಡವನ್ನು 3 ಕೋಟಿ ರೂಪಾಯಿಗೆ ಮಾತನಾಡಿದ್ದಾನೆಂದು ಇಟ್ಟುಕೊಳ್ಳೋಣ. ಲಿಫ್ಟಿನ ಹಗ್ಗ, ಬಾಗಿಲು, ನಿಯಂತ್ರಣ ಫಲಕಗಳ ಬದಲಾವಣೆಗೆ 14 ಲಕ್ಷ, ಶೇ. 18ರ ಸರಕು ಮತ್ತು ಸೇವಾ ತೆರಿಗೆ 2.52 ಲಕ್ಷ; ಲಿಫ್ಟು ನಿಂತ ಎರಡು ತಿಂಗಳಿಗೆ ಮೇಲಂತಸ್ತಿನ ಬಾಡಿಗೆದಾರರಿಗೆ ಬಿಡಬೇಕಾದ ಬಾಡಿಗೆ ತಿಂಗಳಿಗೆ 60 ಸಾವಿರದಂತೆ 1.2 ಲಕ್ಷ. ಒಟ್ಟು 17.72 ಲಕ್ಷ. ಕಟ್ಟಡದ ಭಾಗವಾಗಿ ಬಂಡವಾಳೀಕರಿಸಿದ ಲಿಫ್ಟಿಗೆ ಹೂಡುವಳಿ ತೆರಿಗೆ ಜಮೆಯು 17(5)ನೇ ಪ್ರಕರಣದ ನಿರ್ಬಂಧಕ್ಕೆ ಸಿಲುಕುವುದರಿಂದ, ಅದನ್ನು ನಂಬಿ ಲೆಕ್ಕ ಹಾಕಬಾರದು. ಈ ಅಂಕಿಗಳು ಕ್ರಯಕ್ಕೆ ಮುನ್ನ ಕೈಯಲ್ಲಿದ್ದರೆ ಬೆಲೆ ಚೌಕಾಸಿಗೆ ಆಧಾರ. ನಂತರ ತಿಳಿದರೆ ಬರೀ ನಷ್ಟ.

ಖರೀದಿದಾರನು ಕಂಪನಿಯಾಗಿದ್ದರೆ ವರದಿಯಿಂದ ಇನ್ನೊಂದು ಪ್ರಯೋಜನವುಂಟು. ಕಂಪನಿಗಳ ಅಧಿನಿಯಮ, 2013ರ 2ನೇ ಅನುಸೂಚಿಯಂತೆ, ಸ್ವತ್ತಿನ ಗಮನಾರ್ಹ ಭಾಗದ ಬಾಳಿಕೆ ಬೇರೆಯಾಗಿದ್ದರೆ ಅದರ ಸವಕಳಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಕಾರ್ಖಾನೆಯಲ್ಲದ ಕಾಂಕ್ರೀಟು ಕಟ್ಟಡಕ್ಕೆ 60 ವರ್ಷ, ಸಾಮಾನ್ಯ ಯಂತ್ರಗಳಿಗೆ 15 ವರ್ಷಗಳ ಬಾಳಿಕೆಯನ್ನು ಅನುಸೂಚಿ ಸೂಚಿಸುತ್ತದೆ. ಲಿಫ್ಟಿನ ಮೌಲ್ಯ ಮತ್ತು ಉಳಿದ ಆಯುಷ್ಯಕ್ಕೆ ತಜ್ಞನ ವರದಿಯೇ ಆಧಾರವಾಗುತ್ತದೆ.

ಕರಾರಿನಲ್ಲಿ ಸೇರಿಸಬೇಕಾದ ಅಂಶಗಳು

1. ತಪಾಸಣೆಗೆ ಅವಕಾಶ ನೀಡುವ, ವರದಿ ತೃಪ್ತಿಕರವಾಗಿಲ್ಲದಿದ್ದರೆ ಮುಂಗಡ ಹಿಂತಿರುಗಿಸುವ ಷರತ್ತು.
2. ದೋಷಗಳನ್ನು ಮಾರಾಟಗಾರನೇ ಸರಿಪಡಿಸುವುದು, ಅಥವಾ ಆ ಮೊತ್ತವನ್ನು ಕ್ರಯದ ಹಣದಲ್ಲಿ ತಡೆಹಿಡಿಯುವುದು.
3. ನಿರ್ವಹಣಾ ಗುತ್ತಿಗೆಯ ಬಾಕಿ ಮಾರಾಟಗಾರನದೆಂಬ ಒಪ್ಪಿಗೆ.
4. ಪರವಾನಗಿಯನ್ನು ಹೊಸ ಮಾಲೀಕನ ಹೆಸರಿಗೆ ಮಾಡಿಕೊಡಲು ಬೇಕಾದ ಮೂಲ ದಾಖಲೆಗಳ ಹಸ್ತಾಂತರ.

ಬೆಲೆ ಇಳಿಸುವಾಗ ಒಂದು ಎಚ್ಚರಿಕೆ ಅಗತ್ಯ. ಕ್ರಯದ ಮೊತ್ತ ಮಾರ್ಗಸೂಚಿ ಮೌಲ್ಯಕ್ಕಿಂತ ಕೆಳಗಿಳಿದರೂ ಮುದ್ರಾಂಕ ಶುಲ್ಕವನ್ನು ಆ ಮೌಲ್ಯದ ಮೇಲೆಯೇ ಕೇಳಲಾಗುತ್ತದೆ. ಅಂತರ ಹೆಚ್ಚಾದರೆ ಆದಾಯ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ಅಂತಹ ಸಂದರ್ಭದಲ್ಲಿ ದುರಸ್ತಿಯನ್ನು ಮಾರಾಟಗಾರನಿಂದಲೇ ಮಾಡಿಸಿಕೊಳ್ಳುವುದು ಲೇಸು.

ಕ್ರಯಪತ್ರ ನೋಂದಣಿಯಾದ ಮರುದಿನ ಲಿಫ್ಟಿನಲ್ಲಿ ಅವಘಡ ಸಂಭವಿಸಿದರೆ ಮೊದಲು ಹುಡುಕಲ್ಪಡುವವನು ಹೊಸ ಮಾಲೀಕನೇ. ಅದರಲ್ಲಿ ದಿನವೂ ಹತ್ತಿಳಿಯುವವರು ಅವನದೇ ಗಿರಾಕಿಗಳು, ಅವನದೇ ಕೆಲಸಗಾರರು. ಹಕ್ಕುಪತ್ರಗಳ ಪರಿಶೀಲನೆಗೆ ನೀಡುವ ಮಹತ್ವವನ್ನು ಲಿಫ್ಟಿನ ತಪಾಸಣೆಗೂ ನೀಡುವುದು ವಿವೇಕಿಯಾದ ವ್ಯಾಪಾರಿಯ ಕರ್ತವ್ಯ.