ಪಾಸ್‌ಬುಕ್ಕಿಗೆ ಅಚ್ಚು ಹಾಕುವ ಯಂತ್ರ

ಪೇಟೆಯ ಬ್ಯಾಂಕುಗಳಲ್ಲಿ ಎಟಿಎಂ ಪಕ್ಕ ಇನ್ನೊಂದು ಯಂತ್ರ ನಿಂತಿರುವುದನ್ನು ನೀವು ನೋಡಿರಬಹುದು. ಅದು ದುಡ್ಡು ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಪಾಸ್‌ಬುಕ್ಕಿನಲ್ಲಿ ಲೆಕ್ಕ ಅಚ್ಚು ಹಾಕಿಕೊಡುತ್ತದೆ, ಅಷ್ಟೆ. ಇದು ತಿಳಿಯದೆ ಎಷ್ಟೋ ಅಜ್ಜಿಯರು "ದುಡ್ಡು ನುಂಗಿಬಿಟ್ರೆ ಏನ್ ಮಾಡೋದು?" ಅಂತ ಅದರ ಹತ್ತಿರವೇ ಸುಳಿಯುವುದಿಲ್ಲ.

ಪುಸ್ತಕ ಯಾರದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಬ್ಯಾಂಕಿನವರು ಪಾಸ್‌ಬುಕ್ಕಿಗೆ ಕಪ್ಪು ಗೆರೆಗಳ ಚೀಟಿ ಅಂಟಿಸಿರುತ್ತಾರೆ. ಅದೇ ಬಾರ್‌ಕೋಡ್. ಬಿಸ್ಕತ್ ಪೊಟ್ಟಣದ ಮೇಲಿರುವುದೂ ಇದರ ಜಾತಿಯದೇ. ಅಂಗಡಿಗಳಲ್ಲಿ ಈಗ ಬಳಸುವ ಬಾರ್‌ಕೋಡನ್ನು ಓದಿ ಮೊದಲು ಬಿಲ್ಲು ಹಾಕಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಕೊಂಡ ಸಾಮಾನು ಚ್ಯೂಯಿಂಗ್ ಗಮ್!

ನಮ್ಮ ಯಂತ್ರ ಆ ಗೆರೆಗಳನ್ನು ಓದಿ, ಯಾವ ಖಾತೆ ಅಂತ ತಿಳಿದು, ಬ್ಯಾಂಕಿನ ಕಂಪ್ಯೂಟರನ್ನು ಕೇಳುತ್ತದೆ. ಹಿಂದಿನ ಸಲ ಲೆಕ್ಕ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಅಚ್ಚಾಗುತ್ತದೆ.

ಮೊದಲು ಪರದೆ ಮುಟ್ಟಿ ಭಾಷೆ ಆರಿಸಬೇಕು. ಎಷ್ಟೋ ಕಡೆ ಕನ್ನಡವೂ ಇದೆ. ಆಮೇಲೆ ಕೊನೆಯದಾಗಿ ಅಚ್ಚಾದ ಪುಟ ತೆರೆದು, ಪರದೆಯಲ್ಲಿ ತೋರಿಸಿದಂತೆ ಪುಸ್ತಕವನ್ನು ಬಾಯಿಗೆ ಇಡಬೇಕು. ಅದು ತಾನೇ ಒಳಗೆ ಎಳೆದುಕೊಳ್ಳುತ್ತೆ, ಆಗ ಹಿಡಿದು ಜಗ್ಗಬಾರದು. ಪುಟ ತುಂಬಿದರೆ ಹೊರಗೆ ತಳ್ಳಿ "ಪುಟ ತಿರುಗಿಸಿ" ಅನ್ನುತ್ತದೆ.

ಇದಕ್ಕೆ ಗುಟ್ಟಿನ ನಂಬರು ಬೇಡ. ಹಾಗಾಗಿ "ಅಚ್ಚು ಹಾಕಿಕೊಡ್ತೀನಿ, ಎಟಿಎಂ ನಂಬರ್ ಹೇಳಿ" ಅಂತ ಯಾರಾದರೂ ಕೇಳಿದರೆ ಅವನು ಮೋಸಗಾರನೇ. ಇನ್ನೊಂದು ಮಾತು: ನಂಬರು ಬೇಡವಾದ್ದರಿಂದ ಪಾಸ್‌ಬುಕ್ ಯಾರ ಕೈಯಲ್ಲಿದೆಯೋ ಅವರಿಗೆ ನಮ್ಮ ಲೆಕ್ಕವೆಲ್ಲ ಕಾಣುತ್ತೆ. ಅಜ್ಜಿ ಗುರುತಿಲ್ಲದವರ ಕೈಗೆ ಪುಸ್ತಕ ಕೊಟ್ಟು "ಹಾಕ್ಕೊಡಪ್ಪಾ" ಅನ್ನುವುದಕ್ಕಿಂತ ನಾವು ಜೊತೆಗೆ ಹೋಗುವುದು ವಾಸಿ.

ಅಚ್ಚಾದ ಮೇಲೆ ಓದಲಿಕ್ಕೂ ಬರಬೇಕಲ್ಲ! ಡೆಬಿಟ್ ಅಂದರೆ ಖಾತೆಯಿಂದ ಹೋದದ್ದು, ಕ್ರೆಡಿಟ್ ಅಂದರೆ ಬಂದದ್ದು, ಬ್ಯಾಲೆನ್ಸ್ ಅಂದರೆ ಉಳಿದದ್ದು. ಅಜ್ಜಿಯ ಪಿಂಚಣಿ, ಅಪ್ಪನ ಹಾಲಿನ ದುಡ್ಡು, ನಮ್ಮ ವಿದ್ಯಾರ್ಥಿವೇತನ ಖಾತೆಗೆ ಬಂದಿದ್ದರೆ ತಾರೀಖಿನ ಸಮೇತ ಅಲ್ಲಿರುತ್ತದೆ. "ಇನ್ನೂ ಬಂದಿಲ್ಲ" ಅಂತ ಯಾರಾದರೂ ಹೇಳಿದರೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು.

ಪಾಸ್‌ಬುಕ್ಕನ್ನು ಮಡಿಚಿ ಎಲೆಅಡಿಕೆ ಚೀಲದಲ್ಲಿ ಇಡುವವರಿದ್ದಾರೆ. ಸುಣ್ಣ ಮೆತ್ತಿದರೆ, ಚೀಟಿ ಹರಿದರೆ ಯಂತ್ರ ಓದುವುದಿಲ್ಲ. ಆಗ ಕೌಂಟರಿನಲ್ಲಿ ಕೇಳಿ ಬೇರೆ ಚೀಟಿ ಅಂಟಿಸಿಕೊಳ್ಳಬೇಕು. ಪುಟಗಳು ಮುಗಿದರೆ ಹೊಸ ಪುಸ್ತಕವೂ ಅಲ್ಲೇ ಸಿಗುತ್ತದೆ.