ಮನೆಯ ಡೇ ಕೇರ್, ವರ್ಷಕ್ಕೆ ನಾಲ್ಕು ಕಂತು

ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುವವರ ತೆರಿಗೆ ಸಂಬಳ ಕೈಸೇರುವ ಮೊದಲೇ ಕಡಿತವಾಗಿರುತ್ತದೆ. ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಂಡು ಡೇ ಕೇರ್ ನಡೆಸುವವರಿಗೆ ಆ ಅನುಕೂಲವಿಲ್ಲ. ಅಪ್ಪ ಅಮ್ಮಂದಿರು ಕೊಟ್ಟ ಹಣ ಇಡಿಯಾಗಿ ಕೈಗೆ ಬರುತ್ತದೆ. ಸರ್ಕಾರದ ಪಾಲನ್ನು ತಾವೇ ಅಂದಾಜು ಮಾಡಿ, ವರ್ಷ ಮುಗಿಯುವವರೆಗೆ ಕಾಯದೆ, ಕಂತುಗಳಲ್ಲಿ ಕಟ್ಟಬೇಕು. ಎರಡನೇ ಮಹಾಯುದ್ಧದ ಖರ್ಚು ಏರುತ್ತಿದ್ದಾಗ, 1943ರ ಕಾಯ್ದೆಯೊಂದು ಸಂಬಳದಲ್ಲಿ ಕಡಿತವನ್ನೂ ಸ್ವಂತ ಉದ್ಯೋಗಿಗಳಿಗೆ ಈ ಅಂದಾಜು ಕಂತನ್ನೂ ಒಟ್ಟಿಗೆ ತಂದಿತು. ನಮ್ಮ ದೇಶದ ಮುಂಗಡ ತೆರಿಗೆಯ ಹಿಂದಿರುವ ಯೋಚನೆಯೂ ಇದೇ.

ಕಡಿತವನ್ನೆಲ್ಲ ಕಳೆದ ಮೇಲೂ ವರ್ಷಕ್ಕೆ 1,000 ಡಾಲರ್ ಅಥವಾ ಹೆಚ್ಚು ತೆರಿಗೆ ಬಾಕಿ ಉಳಿಯುವಂತಿದ್ದರೆ ಕಂತು ಕಟ್ಟಬೇಕು. ಗಡುವು ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮರುವರ್ಷದ ಜನವರಿ 15. ಹೆಸರಿಗೆ ತ್ರೈಮಾಸಿಕ, ಅಷ್ಟೇ. ಎರಡನೆಯ ಕಂತು ಎರಡೇ ತಿಂಗಳಿಗೆ ಬಂದು ನಿಲ್ಲುತ್ತದೆ, ಕೊನೆಯದಕ್ಕೆ ನಾಲ್ಕು ತಿಂಗಳ ಬಿಡುವು. ಏಪ್ರಿಲ್‌ನಲ್ಲಂತೂ ಹಿಂದಿನ ವರ್ಷದ ಬಾಕಿಯೂ ಹೊಸ ವರ್ಷದ ಮೊದಲ ಕಂತೂ ಒಂದೇ ದಿನ ಮೈಮೇಲೆ ಬರುತ್ತವೆ. ತಡವಾದರೆ ಬೀಳುವ ದಂಡ ಬಡ್ಡಿಯ ಹಾಗೆ, ಪ್ರತಿ ಕಂತಿಗೂ ಬೇರೆಬೇರೆ. ವರ್ಷದ ಕೊನೆಗೆ ಹಣ ವಾಪಸು ಬರುವಂತಿದ್ದರೂ ನಡುವೆ ತಪ್ಪಿಸಿದ ಕಂತಿಗೆ ದಂಡ ಬರಬಹುದು.

ಹೊಸಬರು ಬೆಚ್ಚಿಬೀಳುವುದು ಆದಾಯ ತೆರಿಗೆಗಲ್ಲ, ಸ್ವಂತ ಉದ್ಯೋಗದ ತೆರಿಗೆಗೆ. ಪಿಂಚಣಿಯ ಸೋಷಿಯಲ್ ಸೆಕ್ಯುರಿಟಿ ಮತ್ತು ಮುಪ್ಪಿನ ಆರೋಗ್ಯ ವಿಮೆಯ ಮೆಡಿಕೇರ್ ಸೇರಿ 15.3 ಶೇಕಡಾ. ನೌಕರಿಯಲ್ಲಿ ಅರ್ಧ ಮಾಲೀಕನದು. ಇಲ್ಲಿ ಮಾಲೀಕರೂ ನೌಕರರೂ ಒಬ್ಬರೇ. ಖರ್ಚು ಕಳೆದು 40,000 ಡಾಲರ್ ಲಾಭ ಉಳಿದರೆ, ಅದರ 92.35 ಶೇಕಡಾ ಮೊತ್ತದ ಮೇಲೆ ಲೆಕ್ಕ ಹಾಕಿ ಸುಮಾರು 5,650 ಡಾಲರ್ ಇದಕ್ಕೇ ಹೋಗುತ್ತದೆ. ಆದಾಯ ತೆರಿಗೆ ಇದರ ಮೇಲೆ. ಆದಾಯ ಮುಚ್ಚಿಡೋಣ ಎಂದರೆ ಅದೂ ಸುಲಭವಲ್ಲ: ಮಕ್ಕಳ ಪಾಲನೆಯ ಖರ್ಚಿಗೆ ತೆರಿಗೆ ರಿಯಾಯಿತಿ ಕೇಳುವ ತಂದೆ ತಾಯಿ, ಹಣ ಯಾರಿಗೆ ಕೊಟ್ಟೆವೆಂದು ನಿಮ್ಮ ಗುರುತಿನ ಸಂಖ್ಯೆ ಸಮೇತ ಬರೆಯುತ್ತಾರೆ.

ಹಾಗಾದರೆ ಲಾಭವನ್ನು ಸರಿಯಾಗಿ ಅಳೆಯುವುದೇ ದಾರಿ. ಮನೆಯ ಕೋಣೆಯನ್ನು ವ್ಯವಹಾರಕ್ಕೆ ತೋರಿಸಬೇಕಾದರೆ ಅಲ್ಲಿ ಬೇರೇನೂ ನಡೆಯಬಾರದು ಎಂಬ ಬಿಗಿ ನಿಯಮ ಡೇ ಕೇರ್‌ಗೆ ಅನ್ವಯಿಸುವುದಿಲ್ಲ, ರಾಜ್ಯದ ಲೈಸೆನ್ಸ್ ಅಥವಾ ಅದರಿಂದ ವಿನಾಯಿತಿ ಇದ್ದರೆ. ಬದಲಿಗೆ ಜಾಗ ಎಷ್ಟು, ಹೊತ್ತು ಎಷ್ಟು ಎಂದು ನೋಡುತ್ತಾರೆ. 2,000 ಚದರಡಿ ಮನೆಯಲ್ಲಿ 1,500 ಚದರಡಿ ಮಕ್ಕಳಿಗೆ ನಿತ್ಯ ಬಳಕೆಯಾದರೆ ಮುಕ್ಕಾಲು ಪಾಲು. ದಿನಕ್ಕೆ 11 ಗಂಟೆಯಂತೆ 250 ದಿನ ನಡೆಸಿದರೆ 2,750 ಗಂಟೆ. ವರ್ಷದ 8,760 ಗಂಟೆಗಳಲ್ಲಿ ಅದು ಸುಮಾರು 31 ಶೇಕಡಾ. ಎರಡನ್ನೂ ಗುಣಿಸಿದರೆ ಬಾಡಿಗೆ, ಕರೆಂಟು, ನೀರಿನ ಖರ್ಚಿನಲ್ಲಿ 23.5 ಶೇಕಡಾ ವ್ಯವಹಾರದ್ದು. ಮಕ್ಕಳಿಗೆಂದೇ ತಂದ ಆಟಿಕೆ, ಚಾಪೆ ಪೂರ್ತಿ ಖರ್ಚು.

ಗಂಟೆ ಎಂದರೆ ಮಕ್ಕಳು ಮನೆಯಲ್ಲಿದ್ದ ಹೊತ್ತು ಮಾತ್ರವಲ್ಲ. ಮೊದಲ ಮಗು 7:15ಕ್ಕೆ ಬರುವುದಾದರೂ 6:30ಕ್ಕೇ ಅವರ ತಿಂಡಿಗೆ ಒಲೆ ಹಚ್ಚಿದ್ದು, ಕೊನೆಯ ಮಗು 5:45ಕ್ಕೆ ಹೋದ ಮೇಲೆ ನೆಲ ಒರೆಸಿ ಆಟಿಕೆ ತೊಳೆದದ್ದು, ಎಲ್ಲವೂ ಸೇರುತ್ತವೆ. ಹೆಂಗಸರ ಮನೆಗೆಲಸವನ್ನು ಲೆಕ್ಕಕ್ಕೇ ಹಿಡಿಯದ ಲೋಕದಲ್ಲಿ ತೆರಿಗೆ ಇಲಾಖೆ ಅದನ್ನು ಗಂಟೆಗಟ್ಟಲೆ ಎಣಿಸುತ್ತದೆ! ಆದರೆ ಬರೆದಿಟ್ಟಿದ್ದರೆ ಮಾತ್ರ. ಫಾರಂ ತುಂಬಲು ಯಾರಾದರೂ ಸಿಗುತ್ತಾರೆ, ಅಡುಗೆಮನೆಯ ಡೈರಿ ಬರೆಯಲು ಇನ್ನೊಬ್ಬರು ಬರುವುದಿಲ್ಲ. ಊಟಕ್ಕೆ ದಿನಸಿ ರಸೀದಿ ಕೂಡಿಡುವ ಬದಲು ನಿಗದಿತ ದರ ಹಿಡಿಯಬಹುದು. ಒಂದು ಮಗುವಿಗೆ ದಿನಕ್ಕೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯೂಟ ಒಂದೊಂದು, ಕುರುಕಲು ಮೂರರವರೆಗೆ. ಅದಕ್ಕೂ ಯಾವ ಮಗು ಯಾವತ್ತು ಏನು ಉಂಡಿತೆಂಬ ದಾಖಲೆ ಬೇಕು. ಸ್ವಂತ ಮಕ್ಕಳ ತಟ್ಟೆ ಲೆಕ್ಕಕ್ಕಿಲ್ಲ.

ಇಷ್ಟಾದರೂ ಮುಂದಿನ ತಿಂಗಳು ಎಷ್ಟು ಮಕ್ಕಳು ಇರುತ್ತಾರೋ ಯಾರಿಗೆ ಗೊತ್ತು? ಅದಕ್ಕೊಂದು ಸುರಕ್ಷಿತ ಗೆರೆಯಿದೆ: ಹಿಂದಿನ ವರ್ಷದ ಒಟ್ಟು ತೆರಿಗೆಯಷ್ಟನ್ನು ನಾಲ್ಕು ಸಮಭಾಗ ಮಾಡಿ ವೇಳೆಗೆ ಸರಿಯಾಗಿ ಕಟ್ಟಿದರೆ ಈ ವರ್ಷ ಎಷ್ಟೇ ಗಳಿಸಿದರೂ ದಂಡವಿಲ್ಲ, ಉಳಿದದ್ದನ್ನು ಏಪ್ರಿಲ್‌ನಲ್ಲಿ ತೀರಿಸಬಹುದು. ಹಿಂದಿನ ವರ್ಷದ ಆದಾಯ 1,50,000 ಡಾಲರ್ ದಾಟಿದ್ದವರಿಗೆ ಮಾತ್ರ ಅದು 110 ಶೇಕಡಾ. ರಾಜ್ಯದ ಲೆಕ್ಕ ಬೇರೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಕ್ಯಾಲಿಫೋರ್ನಿಯಾ ಏಪ್ರಿಲ್‌ನಲ್ಲಿ 30, ಜೂನ್‌ನಲ್ಲಿ 40, ಜನವರಿಯಲ್ಲಿ 30 ಶೇಕಡಾ ಕೇಳಿ ಸೆಪ್ಟೆಂಬರನ್ನು ಬಿಟ್ಟುಬಿಡುತ್ತದೆ.

ಗಂಡ ಐಟಿ ಕಂಪನಿಯಲ್ಲಿ, ಹೆಂಡತಿ ಮನೆಯ ಡೇ ಕೇರ್‌ನಲ್ಲಿ ದುಡಿಯುವ ಕನ್ನಡದ ಸಂಸಾರಗಳಿಗೆ ಇನ್ನೊಂದು ಹಾದಿಯುಂಟು. (ಸಂಗಾತಿಯ ಕೆಲಸದ ವೀಸಾ ಆಧಾರದಲ್ಲಿ ಬಂದ ಎಚ್-4 ವೀಸಾದವರು ಕೆಲಸದ ಅನುಮತಿಪತ್ರವಿಲ್ಲದೆ ಡೇ ಕೇರ್‌ಗೇ ಕೈಹಾಕಬಾರದು.) ಇಬ್ಬರೂ ಜಂಟಿಯಾಗಿ ತೆರಿಗೆ ಲೆಕ್ಕ ಸಲ್ಲಿಸುವುದಾದರೆ, ಗಂಡ ತನ್ನ ಕಚೇರಿಗೆ ಡಬ್ಲ್ಯು-4 ಫಾರಂ ಕೊಟ್ಟು ಸಂಬಳದಲ್ಲಿ ಹೆಚ್ಚು ಕಡಿತ ಮಾಡಿಸಬಹುದು. ಸಂಬಳದ ಕಡಿತ ವರ್ಷವಿಡೀ ಸಮನಾಗಿ ಆದದ್ದೆಂದೇ ಇಲಾಖೆ ಭಾವಿಸುತ್ತದೆ. ಹಾಗಾಗಿ ಏಪ್ರಿಲ್, ಜೂನ್ ಎರಡೂ ಕೈತಪ್ಪಿ ಅಕ್ಟೋಬರ್‌ನಲ್ಲಿ ಎಚ್ಚೆತ್ತರೂ, ಕೊನೆಯ ಕೆಲವು ಸಂಬಳಗಳಲ್ಲಿ ದೊಡ್ಡ ಮೊತ್ತ ಕಡಿತ ಮಾಡಿಸಿದರೆ ಆ ಹಣ ವರ್ಷದ ಆರಂಭದಿಂದಲೇ ಕಟ್ಟುತ್ತಾ ಬಂದ ಲೆಕ್ಕಕ್ಕೆ ಸೇರುತ್ತದೆ.